ಲ್ಯೂಬೆಕ್‌ನ ಸಂತ ಮೇರಿ ಚರ್ಚ್: ಇಟ್ಟಿಗೆಯ ಗಾಥಿಕ್ ವಾಸ್ತು ಮತ್ತು ಐತಿಹಾಸಿಕ ಪ್ರಾಮಾಣ್ಯ

ಉತ್ತರ ಜರ್ಮನಿಯ ಬಾಲ್ಟಿಕ್ ತೀರಪ್ರದೇಶದಲ್ಲಿ ಕಟ್ಟಡಕ್ಕೆ ಒದಗುವ ಕಲ್ಲು ವಿರಳ; ಜೇಡಿಮಣ್ಣು ಹೇರಳ. ಫ್ರಾನ್ಸಿನಲ್ಲಿ ಕಲ್ಲನ್ನು ಆಶ್ರಯಿಸಿ ಬೆಳೆದ ಗಾಥಿಕ್ ಶೈಲಿಯು ಇಲ್ಲಿ ಸುಟ್ಟ ಇಟ್ಟಿಗೆಯಲ್ಲಿ ಮೈದಳೆದುದಕ್ಕೆ ಇದೇ ಮುಖ್ಯ ಕಾರಣ. ಸೂಕ್ಷ್ಮ ಕೆತ್ತನೆಗೆ ಇಟ್ಟಿಗೆ ಒಗ್ಗದು. ಆದುದರಿಂದ ಇಲ್ಲಿನ ನಿರ್ಮಾಪಕರು ಅಲಂಕರಣಕ್ಕಿಂತ ಎತ್ತರ ಮತ್ತು ಪ್ರಮಾಣಬದ್ಧತೆಗಳಿಗೆ ಪ್ರಾಶಸ್ತ್ಯವಿತ್ತರು. ಈ ಪರಂಪರೆಯ ಮಾತೃಕೆಯೆನಿಸಿದ ಸಂತ ಮೇರಿ ಚರ್ಚಿನ ಚರಿತ್ರೆಯನ್ನು ಪ್ರಾಮಾಣ್ಯದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಲ್ಯೂಬೆಕ್ 1226ರಲ್ಲಿ ಸಾಮ್ರಾಜ್ಯದ ಸ್ವತಂತ್ರ ನಗರವಾಯಿತು. ಮುಂದೆ ಹಾನ್ಸಾ ವರ್ತಕ ಒಕ್ಕೂಟಕ್ಕೆ ಮುಂದಾಳಾಯಿತು. ಬಿಷಪ್ಪರ ಕೆಥೆಡ್ರಲ್ ನಗರದ ದಕ್ಷಿಣ ತುದಿಯಲ್ಲಿದ್ದರೆ, ವರ್ತಕರ ಹಾಗೂ ನಗರಸಭೆಯ ಈ ಚರ್ಚ್ ಮಾರುಕಟ್ಟೆಯ ಪಕ್ಕದಲ್ಲಿ ತಲೆಯೆತ್ತಿತು. 13ನೆಯ ಶತಮಾನದ ಮಧ್ಯಭಾಗದಿಂದ ಸುಮಾರು ನೂರು ವರ್ಷ ನಡೆದ ನಿರ್ಮಾಣದ ಫಲವಾಗಿ 38.5 ಮೀಟರ್ ಎತ್ತರದ ಇಟ್ಟಿಗೆಯ ಕಮಾನುಚಾವಣಿ ಹಾಗೂ ಸುಮಾರು 125 ಮೀಟರ್ ಎತ್ತರದ ಜೋಡಿ ಗೋಪುರಗಳು ರೂಪುಗೊಂಡವು. ಬಾಲ್ಟಿಕ್ ವಲಯದ ಸುಮಾರು 70 ಚರ್ಚುಗಳಿಗೆ ಇದು ಮಾದರಿಯಾಯಿತೆಂಬ ಎಣಿಕೆಯಿದೆ. ಧಾರ್ಮಿಕ ಶ್ರದ್ಧೆಯೊಡನೆ ಪೌರಸ್ವಾತಂತ್ರ್ಯದ ಘೋಷಣೆಯೂ ಇಲ್ಲಿ ಬೆರೆತಿರುವುದು ಗಮನಾರ್ಹ.

1942ರ ಮಾರ್ಚ್ 28–29ರ ರಾತ್ರಿ ಬ್ರಿಟಿಷ್ ವಾಯುಪಡೆಯ ದಾಳಿಯಲ್ಲಿ ಚರ್ಚ್ ಹೊತ್ತಿ ಉರಿಯಿತು. ಬರ್ಂಟ್ ನೋಟ್ಕೆಯದೆನ್ನಲಾದ 1463ರ ‘ಮೃತ್ಯುನೃತ್ಯ’ ಚಿತ್ರಮಾಲೆಯು ಜೀರ್ಣಗೊಂಡುದರಿಂದ 1701ರಲ್ಲಿ ಅದರ ಪ್ರತಿಯನ್ನು ಮಾಡಿಸಲಾಗಿತ್ತು. ಆ ಪ್ರತಿಯೂ ಭಸ್ಮವಾಯಿತು. ಆದರೆ ಬೆಂಕಿಯ ಝಳಕ್ಕೆ ಸುಣ್ಣದ ಲೇಪ ಉದುರಿ, ಮಧ್ಯಯುಗದ ಭಿತ್ತಿಚಿತ್ರಗಳ ಅವಶೇಷಗಳು ಗೋಚರಿಸಿದವು. ಯುದ್ಧಾನಂತರ ಡೀಟ್ರಿಕ್ ಫೇ ಅವರ ನೇತೃತ್ವದಲ್ಲಿ ಜೀರ್ಣೋದ್ಧಾರ ಕೈಗೊಂಡ ಲೋಥರ್ ಮಾಲ್ಸ್ಕಾಟ್, ಗರ್ಭಾಂಗಣದ ಮೇಲ್ಗೋಡೆಗಳಲ್ಲಿ ತಾನೇ ಹೊಸ ಚಿತ್ರಗಳನ್ನು ಬರೆದನು. 1951ರ ಉತ್ಸವದಲ್ಲಿ ಅವು ಪ್ರಾಚೀನವೆಂದೇ ಪ್ರಶಂಸಿಸಲ್ಪಟ್ಟವು. 1952ರಲ್ಲಿ ಮಾಲ್ಸ್ಕಾಟ್ ಸ್ವತಃ ಸತ್ಯವನ್ನು ಬಹಿರಂಗಪಡಿಸಿದನು. 1955ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಗರ್ಭಾಂಗಣದ ಕೃತಕ ಚಿತ್ರಗಳನ್ನು ತರುವಾಯ ಅಳಿಸಲಾಯಿತು.

1701ರ ಪ್ರತಿಯು ಪ್ರತಿಯೆಂದೇ ಪರಿಚಿತವಾಗಿತ್ತು. ಆದುದರಿಂದ ಕಳೆದುಹೋದ ಮೂಲದ ಸ್ಮೃತಿಯನ್ನು ಅದು ಉಳಿಸಿತು. ಮಾಲ್ಸ್ಕಾಟನ ಕೃತಿಯಾದರೋ ಉಳಿದಿದ್ದ ಅಲ್ಪ ಸಾಕ್ಷ್ಯವನ್ನೂ ಶಂಕೆಗೆ ಗುರಿಮಾಡಿತು. ಹೊಸತನ್ನು ಹೊಸತೆಂದು ದಾಖಲಿಸದ ಜೀರ್ಣೋದ್ಧಾರವು ವಿನಾಶದ ಇನ್ನೊಂದು ಮುಖವೆಂಬುದು ಇದರಿಂದ ವ್ಯಕ್ತವಾಗುತ್ತದೆ. ದಾಳಿಯ ರಾತ್ರಿ ದಕ್ಷಿಣ ಗೋಪುರದಿಂದ ಕಳಚಿಬಿದ್ದ ಗಂಟೆಗಳನ್ನು ಒಡೆದ ಸ್ಥಿತಿಯಲ್ಲಿಯೇ, ಬಿದ್ದ ಸ್ಥಳದಲ್ಲಿಯೇ ಉಳಿಸಿಕೊಳ್ಳಲಾಗಿದೆ. ಈ ಚರ್ಚಿನ 20ನೆಯ ಶತಮಾನದ ಚರಿತ್ರೆಗೆ ಅವುಗಳಿಗಿಂತ ವಿಶ್ವಾಸಾರ್ಹವಾದ ಆಕರ ಬೇರೊಂದಿಲ್ಲ.