ಹೊಯ್ಸಳ ನಾಡಿನ ಅಲಗು

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು ಬೇಲೂರುಗಳಿಗೆ ಹೊರಡುವ ಯಾತ್ರಿಕರ ದೃಷ್ಟಿ ಸಾಮಾನ್ಯವಾಗಿ ಮದನಿಕೆಯರ ಮೇಲೆಯೇ ನೆಡುವುದು. ನಾವು ಇಂದು ಅದಕ್ಕಿಂತ ಸಾಮಾನ್ಯವಾದ ವಸ್ತುವೊಂದನ್ನು, ಎಂದರೆ ಕತ್ತಿ ಕೊಡಲಿಗಳ ಅಲಗನ್ನು, ಹಿಡಿದು ಈ ನಾಡಿನ ಚರಿತ್ರೆಯನ್ನು ಕೊಂಚ ವಿಚಾರಿಸೋಣ.

ಕಾಡುದಾರಿ ಹಿಡಿದವನಿಗೆ ಯಾವ ಆಯುಧವು ತಕ್ಕುದು? ಮಲೆನಾಡಿನ ಒಕ್ಕಲಿಗನ ಉತ್ತರದಲ್ಲಿ ಸಂದೇಹವಿಲ್ಲ. ದಿಮ್ಮಿ ಸೀಳುವುದಕ್ಕೆ ಕೊಡಲಿ. ಭಾರವೆಲ್ಲ ತಲೆಯಲ್ಲಿರುವುದರಿಂದ ಅದರ ಏಟಿಗೆ ಬಲ ಹೆಚ್ಚು. ಮುಳ್ಳು, ಬಳ್ಳಿ, ಎಳೆಗೊಂಬೆಗಳನ್ನು ಸವರುವುದಕ್ಕೆ ಮಚ್ಚು. ಹಗ್ಗ ಕೊಯ್ಯುವುದಕ್ಕೆ ಸಣ್ಣ ಚೂರಿ. ಕೊಡಗಿನವರು ಬೆನ್ನಿನ ಕೊಕ್ಕೆಗೆ ಅಗಲವಾದ ಒಡಿಕತ್ತಿಯನ್ನೂ ಸೊಂಟಕ್ಕೆ ಪೀಚೆಕತ್ತಿಯನ್ನೂ ಬೇರೆಯಾಗಿಯೇ ಇಟ್ಟುಕೊಂಡರು. ಆಕಾರಕ್ಕಿಂತ ಮುಖ್ಯವಾದುದು ಕಮ್ಮಾರನ ಹದ. ಕಾದ ಉಕ್ಕನ್ನು ನೀರಿನಲ್ಲದ್ದಿದರೆ ಗಡುಸಾಗುವುದು. ಗಡುಸು ಮಿತಿಮೀರಿದರೆ ಬಾಯಿ ಮುಕ್ಕಾಗುವುದು, ಸಾಲದಿದ್ದರೆ ಮಡಿಯುವುದು.

ಹೊಯ್ಸಳ ವಂಶದ ಕಥೆಯೂ ಇಂಥ ಕಾಡಿನಲ್ಲಿಯೇ ಮೊದಲಾಗುತ್ತದೆ. ಇಂದು ಅಂಗಡಿಯೆಂದು ಕರೆಯುವ ಸೊಸೆವೂರಿನಲ್ಲಿ ಹುಲಿಯು ಮೇಲೆ ಬೀಳಲು, ಜೈನ ಮುನಿಗಳು 'ಹೊಯ್ ಸಳ' ಎಂದರಂತೆ. ಅವರು ಕೊಟ್ಟ ಸೆಳೆಯಿಂದಲೇ ಸಳನು ಅದನ್ನು ಹೊಡೆದನೆಂದು ಹೇಳುವುದುಂಟು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯ ಬಾಗಿಲಲ್ಲಾದರೋ ಸಳನು ಅಲಗು ಹಿಡಿದು ಸಿಂಹರೂಪದ ಮೃಗದೊಡನೆ ಕಾದುತ್ತಿದ್ದಾನೆ. ಕಥೆಯ ಸೆಳೆ ಶಿಲ್ಪದಲ್ಲಿ ಅಲಗಾಯಿತು. ರಾಜ್ಯವು ತನ್ನನ್ನು ಹೇಗೆ ತೋರಿಸಿಕೊಳ್ಳಬಯಸಿತೆಂಬುದನ್ನು ಇದರಿಂದ ಊಹಿಸಬಹುದು.

ಬೇಲೂರಿನಿಂದ ಹತ್ತು ಮೈಲಿ ದೂರದ ಹಳೇಬೀಡಿನಲ್ಲಿ ಅದೇ ಅಲಗು ಬೇರೊಂದು ಮುಖವನ್ನು ತೋರುತ್ತದೆ. ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬವು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಸ್ಮಾರಕ. ಒಡೆಯನೊಡನೆ ಪ್ರಾಣ ಬಿಡುವ ವ್ರತವನ್ನು ತೊಟ್ಟವರಿಗೆ ಗರುಡರೆಂದು ಹೆಸರು. 1220ರಲ್ಲಿ ಬಲ್ಲಾಳನು ತೀರಿಕೊಳ್ಳಲು, ಲಕ್ಷ್ಮನೂ ಪತ್ನಿ ಸುಗ್ಗಲದೇವಿಯೂ ಪರಿವಾರದವರೂ ಪ್ರಾಣತ್ಯಾಗ ಮಾಡಿದರು. ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುತ್ತಿರುವ ವೀರರು ಆ ಕಂಬದ ಮೇಲೆ ಕಾಣುತ್ತಾರೆ.

ಈ ನಿಷ್ಠೆಯ ಮುಂದೆ ನಾವು ತಲೆಬಾಗುವುದು ಸಹಜ. ಆದರೂ ಚರಿತ್ರೆಯನ್ನು ಓದುವವರು ಅಷ್ಟಕ್ಕೇ ನಿಲ್ಲಬಾರದು. ಬಲ್ಲಾಳನ ತರುವಾಯ ಪಟ್ಟವೇರಿದ ಇಮ್ಮಡಿ ನರಸಿಂಹನಿಗೆ ನುರಿತ ದಂಡನಾಯಕರು ಬೇಡವಾಗಿದ್ದರೆ? ನಾಡನ್ನು ಕಾಯಬೇಕಾದ ತೋಳುಗಳು ನಾಡಿಗೆ ಬೇಕಾದ ಹೊತ್ತಿನಲ್ಲಿಯೇ ತಮ್ಮನ್ನು ತಾವು ಕಡಿದುಕೊಂಡವು. ನಿಷ್ಠೆಗೂ ಹದವೊಂದುಂಟು, ಅದು ವ್ಯಕ್ತಿಯೊಬ್ಬನಿಗೇ ಕಟ್ಟುಬಿದ್ದಾಗ, ಅತಿ ಗಡುಸಾದ ಉಕ್ಕಿನಂತೆ, ಮುರಿಯುವುದೇ ಹೊರತು ಮಣಿಯದು. ವೀರರ ಧೈರ್ಯವನ್ನು ಗೌರವಿಸುತ್ತಲೇ ಅವರ ವ್ರತವನ್ನು ಒಪ್ಪದಿರುವುದು ಅವರಿಗೆ ಮಾಡುವ ಅಪಚಾರವಲ್ಲವೆಂದು ನಾವು ಭಾವಿಸುತ್ತೇವೆ.

ಆ ಕಾಲದ ಇನ್ನೊಂದು ಅಲಗನ್ನೂ ಮರೆಯಲಾಗದು. ಅದು ರೂವಾರಿಯ ಉಳಿ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲನ್ನರಿತು ಅವನು ಅದನ್ನು ಆಡಿಸಿದನು. 1311ರಲ್ಲಿ ಮಲ್ಲಿಕಾಫರನ ದಂಡು ದೋರಸಮುದ್ರಕ್ಕೆ ಬಂದಿತು; ಮುಂದೆ ರಾಜ್ಯವೂ ಅಳಿಯಿತು. ಸಳನ ಅಲಗೂ ಗರುಡರ ಕತ್ತಿಯೂ ಇಂದು ನಮಗೆ ಕಾಣುವುದು ಆ ಉಳಿಯ ಕೃಪೆಯಿಂದಲೇ.