ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಅಗ್ರಹಾರ

‘ಸಂಸ್ಕಾರ’ ಸಿನಿಮಾದ ಚಿತ್ರೀಕರಣ ನಡೆದದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ, ತುಂಗೆಯ ದಡದಲ್ಲಿ. 1970ರ ಆ ಚಿತ್ರದ ಜಗಲಿ, ಹೊಳೆದಂಡೆ, ಕಾಡುದಾರಿಗಳು ಕೊಪ್ಪ ಸೀಮೆಯ ನಮಗೆ ಹೊಸವಲ್ಲ. ಆದರೆ ಕಾದಂಬರಿ ಬರೆದದ್ದು ತುಂಗೆಯ ದಡದಲ್ಲಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅದರ ಹಿಂದೆ ಸರ್ಕಾರಿ ಹಣದ ಒಂದು ವಿದ್ಯಾರ್ಥಿವೇತನವಿತ್ತು.

1959ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸೇರಿದ ಕಾಮನ್‌ವೆಲ್ತ್ ಶಿಕ್ಷಣ ಸಮ್ಮೇಳನ, ಸದಸ್ಯ ದೇಶಗಳ ಸರ್ಕಾರಗಳು ಹೊರಗಿನ ವಿದ್ಯಾರ್ಥಿಗಳ ಓದಿನ ಖರ್ಚು ಹೊರುವ ಯೋಜನೆಯೊಂದನ್ನು ರೂಪಿಸಿತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಸೇರಿದ್ದು ಈ ವೇತನದ ಮೇಲೆ. ಅವರ ಸಂಶೋಧನೆ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕಾರಣದ ಬಗ್ಗೆ. ಮಾಲ್ಕಮ್ ಬ್ರ್ಯಾಡ್‌ಬರಿಯವರ ಜೊತೆ ಕೂತು ನೋಡಿದ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾ ಅವರ ಮನಸ್ಸನ್ನು ಪ್ಲೇಗಿನ ಕಾಲದ ಮಲೆನಾಡಿಗೆ ಎಳೆದೊಯ್ದಿತು. 1965ರಲ್ಲಿ ‘ಸಂಸ್ಕಾರ’ ಬಂತು, 1966ರಲ್ಲಿ ಪಿಎಚ್.ಡಿ. ಪದವಿ. ವೇತನ ಕೊಟ್ಟವರ ಲೆಕ್ಕಕ್ಕೆ ಸಿಗುವುದು ಎರಡನೆಯದು ಮಾತ್ರ.

ಇಂಥ ವೇತನಗಳನ್ನು ಇಂದು ಜಾಗತಿಕ ಸ್ಪರ್ಧೆಯ ತಕ್ಕಡಿಯಲ್ಲಿ ತೂಗುತ್ತಾರೆ: ಒಂದು ಸ್ಥಾನಕ್ಕೆ ಎಷ್ಟು ಅರ್ಜಿ, ತಿಂಗಳಿಗೆ ಎಷ್ಟು ಹಣ, ವಿಶ್ವವಿದ್ಯಾಲಯದ ಶ್ರೇಯಾಂಕವೆಷ್ಟು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಾಗಿ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನ; ಸೇರುವ ವಿಶ್ವವಿದ್ಯಾಲಯ ಕ್ಯೂಎಸ್ ಪಟ್ಟಿಯ ಮೊದಲ 500ರೊಳಗೆ ಇರಬೇಕು. ಇದರ ಜೊತೆಗೆ 2022ರ ಮಾರ್ಗಸೂಚಿ ಇನ್ನೊಂದು ಗೆರೆ ಎಳೆಯಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜವನ್ನು ಕುರಿತ ಸಂಶೋಧನೆಗೆ ಈ ಹಣವಿಲ್ಲ. ಅದನ್ನು ಇಲ್ಲಿಯೇ ಮಾಡಬಹುದಲ್ಲ ಎಂಬುದು ಸಮರ್ಥನೆ.

ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್, 1916ರಲ್ಲಿ ಅಲ್ಲಿ ಮಂಡಿಸಿದ್ದು ಭಾರತದ ಜಾತಿಗಳನ್ನು ಕುರಿತ ಪ್ರಬಂಧ. ಅಂಥ ವಿಷಯ ಹೊತ್ತ ಅರ್ಜಿ 2022ರ ಆ ಗೆರೆಯನ್ನು ದಾಟುತ್ತಿರಲಿಲ್ಲ.

ಅನಂತಮೂರ್ತಿಯವರ ಸಂಶೋಧನಾ ವಿಷಯವೇನೋ ದಾಟುತ್ತಿತ್ತು. ಅದು ಇಂಗ್ಲಿಷರ ಬಗ್ಗೆ ಇತ್ತಲ್ಲ. ಆದರೆ ಅವರ ‘ಸಂಸ್ಕಾರ’ ತೋರಿಸಿದ್ದು ಇದನ್ನೇ: ಊರು ಬಿಟ್ಟು ದೂರ ಹೋದವರಿಗೆ ಊರು ಇನ್ನಷ್ಟು ನಿಚ್ಚಳವಾಗಿ ಕಾಣಬಲ್ಲದು. ಅಗ್ರಹಾರದಲ್ಲಿ ಬೆಳೆದವರಿಗೇ ಆ ದೂರ ಬೇಕಾಯಿತು. ಅಗ್ರಹಾರದ ಹೊರಗೇ ನಿಲ್ಲಬೇಕಾಗಿದ್ದವರ ಮಕ್ಕಳಿಗೆ ಅದು ಬೇಡವೆಂದು ಯಾವ ಲೆಕ್ಕದಲ್ಲಿ ಹೇಳುವುದು?