ರಟ್ಟಮತವೂ ಕೂಡ್ಲಿಗಿ ಸೀಮೆಯ ಮಳೆಗಣನೆಯೂ

ಕನ್ನಡ ಸಾಹಿತ್ಯಚರಿತ್ರೆಗಳಲ್ಲಿ ರಟ್ಟಕವಿಯ 'ರಟ್ಟಮತ'ಕ್ಕೆ ದೊರೆತಿರುವ ಸ್ಥಳವು ಬಹು ಸ್ವಲ್ಪ. ಕ್ರಿ. ಶ. 1300ರ ಸುಮಾರಿನಲ್ಲಿದ್ದ ಈ ಜೈನಕವಿಯು ಮಳೆ, ಸಿಡಿಲು, ಭೂಕಂಪ, ಗ್ರಹಚಾರ, ಶಕುನ ಮೊದಲಾದುವನ್ನು ಕುರಿತು ಬರೆದನೆಂದೂ, ಮುಂದೆ ಅದು ತೆಲುಗಿಗೆ ಪರಿವರ್ತಿತವಾಯಿತೆಂದೂ ಹೇಳಿ ಚರಿತ್ರಕಾರರು ಮುಂದಕ್ಕೆ ಸಾಗುತ್ತಾರೆ. ಕಾವ್ಯಗುಣವೊಂದನ್ನೇ ಅಳತೆಗೋಲಾಗಿ ಹಿಡಿದರೆ ಈ ಉಪೇಕ್ಷೆಯು ಸಹಜವೇ. ಆದರೆ ಮಳೆಯನ್ನು ಮುಂಚಿತವಾಗಿ ತಿಳಿಯುವ ಶಾಸ್ತ್ರವು ದೇಶಭಾಷೆಯಲ್ಲಿ ಏಕೆ ಬೇಕಾಯಿತೆಂಬ ಪ್ರಶ್ನೆಗೆ ಉತ್ತರವು ಗ್ರಂಥಭಂಡಾರಗಳಿಗಿಂತ ಹೆಚ್ಚಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂತಹ ಬಯಲುಸೀಮೆಯ ಹೊಲಗಳಲ್ಲಿ ದೊರೆಯುತ್ತದೆ.

ಅರಬ್ಬೀ ಸಮುದ್ರದಿಂದ ಆವಿಯನ್ನು ಹೊತ್ತುಬರುವ ನೈರುತ್ಯದ ಗಾಳಿಯು ಸಹ್ಯಾದ್ರಿಯನ್ನು ಏರಲೇಬೇಕು. ಏರಿದಂತೆಲ್ಲ ಒತ್ತಡವು ಕುಗ್ಗಿ, ಗಾಳಿಯು ಹಿಗ್ಗಿ ತಣಿಯುತ್ತದೆ. ತಣಿದಾಗ ಅದರೊಳಗಿನ ಆವಿಯು ಧೂಳಿನ ಹಾಗೂ ಕಡಲುಪ್ಪಿನ ಸೂಕ್ಷ್ಮಕಣಗಳನ್ನು ಆಶ್ರಯಿಸಿ ಹನಿಗಟ್ಟಿ ಮೋಡವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿದು ಹಗುರಾದ ಅದೇ ಗಾಳಿಯು ಪೂರ್ವಕ್ಕಿಳಿದು ಬಿಸಿಯಾಗುತ್ತದೆ, ಮೋಡವು ಚದುರುತ್ತದೆ. ಕೂಡ್ಲಿಗಿಯ ಕಡೆಗೆ ಉಳಿಯುವುದು 600 ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರುಗಳಲ್ಲಿ, ನೆಲ ಕಾದು ಮೇಲೆದ್ದ ಗುಡುಗುಮೋಡಗಳಿಂದಲೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದಲೂ ಬೀಳುವಂಥದು. ಒಂದು ಊರಿನ ಹೊಲ ತೊಯ್ದು ಪಕ್ಕದ ಊರಿನ ಹೊಲ ಒಣಗಿರುವುದು ಇಲ್ಲಿ ಅಪರೂಪವಲ್ಲ. ಮಲೆನಾಡಿನವನಿಗೆ ಮಳೆಯು ಯಾವಾಗ ನಿಂತೀತೆಂಬ ಚಿಂತೆ. ಇಲ್ಲಿಯವನಿಗೆ ಈ ಹದಕ್ಕೆ ಬೀಜ ಬಿತ್ತಿದರೆ ಮುಂದಿನ ಹದ ಬಂದೀತೇ ಎಂಬ ಚಿಂತೆ. ಬೀಜ ಒಣಗಿದರೆ ಎರಡನೆಯ ಬಿತ್ತನೆಗೆ ಸಾಲವೇ ಗತಿ.

ಈ ಚಿಂತೆಗೆ ರೈತನು ಕಂಡುಕೊಂಡ ಸಾಧನವು ಮಳೆನಕ್ಷತ್ರಗಳ ಲೆಕ್ಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನವಿರುತ್ತಾನೆ. ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರೆ, 22ರ ಹೊತ್ತಿಗೆ ಆರಿದ್ರೆ, ಹೀಗೆ ಸ್ವಾತಿಯವರೆಗೆ ಒಂದೊಂದು ಮಳೆಗೂ ಹೆಸರುಂಟು, ಗುಣವುಂಟು, ಗಾದೆಯುಂಟು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳವೆಂಬ ನಂಬಿಕೆಯು ಕನ್ನಡನಾಡಿಗೆಲ್ಲ ಪರಿಚಿತವಾದುದು.

ಇಲ್ಲಿ ವಿದ್ವಾಂಸರು ಗಮನಿಸಬೇಕಾದ ತೊಡಕೊಂದಿದೆ. ನಕ್ಷತ್ರಗಳನ್ನು ಅನುಸರಿಸುವ ವರ್ಷವು ಋತುಗಳನ್ನು ಅನುಸರಿಸುವ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಾದುದು. ಅಯನಚಲನದ ಫಲವಾದ ಈ ಅಂತರವು 72 ವರ್ಷಗಳಿಗೆ ಒಂದು ದಿನದಂತೆ ಬೆಳೆಯುತ್ತದೆ. ಆದುದರಿಂದ ರಟ್ಟಕವಿಯ ಕಾಲದಲ್ಲಿ ರೋಹಿಣಿ ಮಳೆಯು ಋತುಮಾನದಲ್ಲಿ ಇಂದಿಗಿಂತ ಸುಮಾರು ಹತ್ತು ದಿನ ಮುಂಚೆಯೇ ಹುಟ್ಟುತ್ತಿದ್ದಿರಬೇಕು. ಒಂದು ಮಳೆಯ ಅವಧಿಯೇ ಎರಡು ವಾರಕ್ಕಿಂತ ಕಡಿಮೆಯಿರುವಲ್ಲಿ ಹತ್ತು ದಿನವೆಂಬುದು ಅಲ್ಪವಲ್ಲ. ಹೀಗಿದ್ದೂ ಲೆಕ್ಕವು ಕೆಡಲಿಲ್ಲವೇಕೆ? ಮುಂಗಾರು ಒಂದು ವರ್ಷ ಬೇಗ, ಒಂದು ವರ್ಷ ತಡವಾಗಿ ಬರುವುದರಿಂದ ಈ ಜಾರುವಿಕೆಯು ಯಾವ ಒಂದು ತಲೆಮಾರಿನ ಕಣ್ಣಿಗೂ ಬೀಳುವಂತಿಲ್ಲ. ಬಾಯಿಂದ ಬಾಯಿಗೆ ಬರುವ ಗಾದೆಯನ್ನು ಜನರು ತಮಗರಿವಿಲ್ಲದೆಯೇ ತಿದ್ದಿಕೊಂಡಿರಬಹುದು. ಓಲೆಗರಿಗೆ ಆ ಸ್ವಾತಂತ್ರ್ಯವಿಲ್ಲ. ಹಳೆಯ ಗ್ರಂಥದ ಮಾತನ್ನು ಇಂದಿನ ಪಂಚಾಂಗಕ್ಕೆ ನೇರವಾಗಿ ಹೊಂದಿಸಿ, ಅದು ಸತ್ಯವೆಂದು ಹೊಗಳುವವರೂ ಸುಳ್ಳೆಂದು ತಳ್ಳುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ.

ಇದೇ ಸೀಮೆಯಲ್ಲಿ ಭವಿಷ್ಯದ ಇನ್ನೊಂದು ಸಂಪ್ರದಾಯವುಂಟು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಪ್ಪನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವು ಒಂದೇ ಒಂದು ಚಿಕ್ಕ ವಾಕ್ಯ. ಅದನ್ನು ಮಳೆಬೆಳೆಗಳಿಗೆ ಅನ್ವಯಿಸಿ ಅರ್ಥಮಾಡುವ ಕೆಲಸವು ಕೇಳಿದವರದು. ಈಚೆಗೆ ರಾಜಕೀಯಕ್ಕೂ ಅನ್ವಯಿಸುವುದುಂಟು. ವರಾಹಮಿಹಿರನ 'ಬೃಹತ್ಸಂಹಿತೆ'ಯು ಮೋಡವು ಚಳಿಗಾಲದಲ್ಲಿ ಗರ್ಭಧರಿಸಿ 195 ದಿನಗಳ ತರುವಾಯ ಹೆರುವುದೆನ್ನುತ್ತದೆ. ಮಾಘದ ಹುಣ್ಣಿಮೆಯಿಂದ ಎಣಿಸಿದರೆ ಅದು ಆಗಸ್ಟ್–ಸೆಪ್ಟೆಂಬರಿಗೆ ಬಂದು ನಿಲ್ಲುತ್ತದೆ. ಆದರೂ ಇಷ್ಟರಿಂದಲೇ ಕಾರ್ಣಿಕಕ್ಕೂ ಸಂಹಿತೆಗೂ ಸಂಬಂಧ ಕಲ್ಪಿಸುವುದು ಆತುರವಾದೀತು.

1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟುವು. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಜನಸಂಖ್ಯೆಯು 1871ರಿಂದ 1881ರ ಗಣತಿಯ ವೇಳೆಗೆ ಐದರಲ್ಲೊಂದು ಪಾಲಿನಷ್ಟು ಕುಗ್ಗಿತು. 1875ರಲ್ಲಿ ಸ್ಥಾಪಿತವಾಗಿದ್ದ ಭಾರತ ಹವಾಮಾನ ಇಲಾಖೆಯ ಮುಖ್ಯಸ್ಥನಾದ ಬ್ಲಾನ್‌ಫೋರ್ಡನು ಹಿಮಾಲಯದ ಹಿಮವನ್ನು ಆಧಾರವಾಗಿಟ್ಟುಕೊಂಡು 1886ರಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಕ್ರಮವಾಗಿ ಹೊರಡಿಸಲಾರಂಭಿಸಿದನು. ಅದು ದೇಶಕ್ಕೆಲ್ಲ ಒಂದೇ ಲೆಕ್ಕ. ಕೊಟ್ಟೂರಿನ ಹೊಲಕ್ಕೆ ಅದರಿಂದ ತಿಳಿಯುತ್ತಿದ್ದುದು ಕಾರ್ಣಿಕದಿಂದ ತಿಳಿಯುತ್ತಿದ್ದುದಕ್ಕಿಂತ ಬಹಳ ಹೆಚ್ಚೇನಲ್ಲ.

1988ರಲ್ಲಿ ಕರ್ನಾಟಕ ಸರ್ಕಾರವು ಬರ ನಿರ್ವಹಣೆಗೆಂದು ಸ್ಥಾಪಿಸಿದ ಘಟಕವು ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯತಿಯ ಮಟ್ಟದಲ್ಲಿ ತಾನಾಗಿಯೇ ವರದಿ ಕಳುಹಿಸುವ ಮಳೆಮಾಪಕಗಳನ್ನು ನೆಟ್ಟಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳ ಅಂಕಿಗಳೂ ಅದರಲ್ಲಿ ಸೇರಿವೆ. ಅವು ಇಂಗ್ಲಿಷ್ ತಾರೀಖುಗಳಲ್ಲಿರುವಂಥವು. ಅವನ್ನು ಮಳೆನಕ್ಷತ್ರಗಳಿಗೆ ವಿಂಗಡಿಸಿ, ಅಯನಚಲನದ ಹತ್ತು ದಿನಗಳನ್ನು ಕಳೆದು, 'ರಟ್ಟಮತ'ದ ವಚನಗಳೊಡನೆ ಒಂದೊಂದಾಗಿ ಹೋಲಿಸುವ ಕೆಲಸವು ಹಳಗನ್ನಡವನ್ನೂ ಗಣಿತವನ್ನೂ ಬಲ್ಲವರನ್ನು ಅಪೇಕ್ಷಿಸುತ್ತದೆ.